ಹತ್ತು ಗೆದ್ದವನು ಸೋತ ವರ್ಷ

2025ರ ನವೆಂಬರ್ 1ರ ರಾತ್ರಿ ಅರಿಜೋನಾದ ಫೀನಿಕ್ಸ್ ರೇಸ್‌ವೇಯಲ್ಲಿ, ಅಮೆರಿಕದ ಕಾರು ಓಟದ ಸಂಸ್ಥೆ ನ್ಯಾಸ್ಕಾರ್‌ನ ಎಕ್ಸ್‌ಫಿನಿಟಿ ಸರಣಿಯ ಕಡೆಯ ಓಟ ಮುಗಿದಾಗ ಚಾಂಪಿಯನ್ ಪಟ್ಟ ಜೆಸ್ಸಿ ಲವ್‌ಗೆ ಸಿಕ್ಕಿತು. ಆ ವರ್ಷ ಅವನ ಲೆಕ್ಕಕ್ಕೆ ಬಂದ ಗೆಲುವು ಎರಡೇ: ಫೆಬ್ರುವರಿಯ ಡೇಟೋನಾ, ನವೆಂಬರಿನ ಫೀನಿಕ್ಸ್. ಇವೆರಡರ ನಡುವೆ ಕಾನರ್ ಜಿಲಿಶ್ ಎಂಬ ಹತ್ತೊಂಬತ್ತರ ಹುಡುಗ ಹತ್ತು ಓಟ ಗೆದ್ದಿದ್ದ. ಫೀನಿಕ್ಸ್‌ನಲ್ಲಿ ಅವನು ಮೂರನೆಯವನಾಗಿ ಬಂದ, ಪಟ್ಟ ಕೈತಪ್ಪಿತು.

ಅಂದಿನಿಂದ ಚರ್ಚೆಯೆಲ್ಲ ನಡೆದದ್ದು, ಕೊನೆಗುಳಿದ ನಾಲ್ವರಲ್ಲಿ ಕಡೆಯ ಓಟದಲ್ಲಿ ಮುಂದೆ ಬಂದವನಿಗೇ ಪಟ್ಟ ಕೊಡುವ ಅಂಕಪದ್ಧತಿಯ ಸುತ್ತ. ಪದ್ಧತಿ ಸರಿಯಿರಲಿಲ್ಲ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಲವ್ ಗೆದ್ದದ್ದು ಅದೃಷ್ಟದಿಂದ ಎನ್ನುವುದನ್ನು ಒಪ್ಪಲಾರೆ. ಈ ಸರಣಿಯ ಕಾರು ಹೇಗಿದೆ, ಅದನ್ನು ಕೈಯಲ್ಲಿ ಹೇಗೆ ಹದ ಮಾಡುತ್ತಾರೆ ಎಂಬುದು ಗೊತ್ತಾದರೆ ಆ ರಾತ್ರಿ ನಡೆದದ್ದೂ ಅರ್ಥವಾಗುತ್ತದೆ, ಅದರ ಹಿಂದಿನ 32 ಓಟಗಳೂ ಅರ್ಥವಾಗುತ್ತವೆ.

ನ್ಯಾಸ್ಕಾರ್‌ನಲ್ಲಿ ಮೇಲಿನದು ಕಪ್ ಸರಣಿ, ಅದರ ಕೆಳಗೆ ಇದು, ಇದರ ಕೆಳಗೆ ಟ್ರಕ್ ಸರಣಿ. 1982ರಲ್ಲಿ ಬಡ್‌ವೈಸರ್ ಹೆಸರಿನಲ್ಲಿ ಶುರುವಾಗಿ, ಮುಂದೆ ಬುಶ್, ನೇಶನ್‌ವೈಡ್, 2015ರಿಂದ ಎಕ್ಸ್‌ಫಿನಿಟಿ ಎಂದು ಪ್ರಾಯೋಜಕರು ಬದಲಾದಂತೆ ಹೆಸರೂ ಬದಲಾಯಿತು. ಮೊದಲ ಚಾಂಪಿಯನ್ ಜ್ಯಾಕ್ ಇನ್‌ಗ್ರಾಮ್. ಕಪ್‌ಗೆ ಹೋಗುವ ಹುಡುಗರು ಪಳಗುವ ಜಾಗ ಇದು ಎನ್ನುವುದು ಇಂದಿನ ಮಾತು. ಹಿಂದೆ ಹಾಗಿರಲಿಲ್ಲ. 2006ರಿಂದ 2010ರವರೆಗೆ ಹಾರ್ವಿಕ್, ಎಡ್ವರ್ಡ್ಸ್, ಬೋಯರ್, ಕೈಲ್ ಬುಶ್, ಕೆಸೆಲೋಸ್ಕಿ ಹೀಗೆ ಐದು ವರ್ಷವೂ ಪಟ್ಟ ಹೊತ್ತವರು ಕಪ್‌ನ ಖಾಯಂ ಚಾಲಕರೇ. 2011ರಲ್ಲಿ ಒಬ್ಬ ಚಾಲಕ ಒಂದು ಸರಣಿಯಲ್ಲಿ ಮಾತ್ರ ಅಂಕ ಗಳಿಸಬೇಕೆಂಬ ನಿಯಮ ಬಂದ ಮೇಲೆಯೇ ಹೊಸಬರಿಗೆ ಉಸಿರಾಡಲು ಜಾಗವಾಯಿತು. ನ್ಯಾಸ್ಕಾರ್ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಇದನ್ನು ಬಹಳ ಮೇಲೆ ಇಡುತ್ತೇನೆ.

ಈಗ ಕಾರಿಗೆ ಬರೋಣ. ಕಪ್ ಕಾರು 2022ರಿಂದ ಪೂರ್ತಿ ಬದಲಾಗಿದೆ: ಹಿಂದೆಯೂ ಸ್ವತಂತ್ರ ಸಸ್ಪೆನ್ಷನ್, 18 ಇಂಚಿನ ಅಲ್ಯೂಮಿನಿಯಂ ಚಕ್ರ, ಚಕ್ರಕ್ಕೆ ಒಂದೇ ದೊಡ್ಡ ನಟ್, ಒಂದರ ನಂತರ ಒಂದಾಗಿ ಮಾತ್ರ ಬದಲಾಗುವ ಸೀಕ್ವೆನ್ಷಿಯಲ್ ಗೇರು. ಎಕ್ಸ್‌ಫಿನಿಟಿ ಕಾರು ಹಳೆಯ ಕ್ರಮವನ್ನೇ ಹಿಡಿದುಕೊಂಡಿದೆ. ಉಕ್ಕಿನ ಪೈಪುಗಳ ಚಾಸಿ, ಮುಂದಿನ ಹಿಂದಿನ ಚಕ್ರಗಳ ನಡುವೆ 105 ಇಂಚಿನ ಅಂತರ, ಅದರ ಮೇಲೆ ಕಾಂಪೋಸಿಟ್ ಹಾಳೆಗಳ ಬಾಡಿ. ಮುಂದೆ 358 ಘನ ಇಂಚಿನ ಪುಶ್‌ರಾಡ್ ವಿ8 ಇಂಜಿನ್. ಅದಕ್ಕೆ ಪೆಟ್ರೋಲು ಕೊಡುವುದು ಇವತ್ತಿಗೂ ಕಾರ್ಬುರೇಟರ್. ನಾಲ್ಕು ಗೇರು, 15 ಇಂಚಿನ ಉಕ್ಕಿನ ಚಕ್ರ, ಚಕ್ರಕ್ಕೆ ಐದು ನಟ್. ಹಿಂದೆ ಲಾರಿಗೆ ಇರುವಂಥ ಇಡೀ ಆ್ಯಕ್ಸೆಲ್. ಅದನ್ನು ಉದ್ದುದ್ದಕ್ಕೆ ಹಿಡಿಯುವುದು ಎರಡು ಉದ್ದನೆಯ ಟ್ರಕ್ ಆರ್ಮ್‌ಗಳು. 1960ರ ದಶಕದ ಷೆವ್ರೊಲೆ ಪಿಕಪ್ ಟ್ರಕ್‌ನಿಂದ ಬಂದ ವಿನ್ಯಾಸವಾದ್ದರಿಂದಲೇ ಆ ಹೆಸರು. ಅಡ್ಡಕ್ಕೆ ಜಾರದಂತೆ ಹಿಡಿಯಲು ಒಂದು ಟ್ರ್ಯಾಕ್ ಬಾರ್.

ಓಡುವುದು ಬಹುಪಾಲು ಎಡಕ್ಕೆ ಮಾತ್ರ. ಆದ್ದರಿಂದ ಕಾರು ನಿಂತಾಗಲೇ ಸೊಟ್ಟಗಿರುತ್ತದೆ. ಬಲ ಮುಂಚಕ್ರದ ತಲೆ ಒಳಕ್ಕೆ ವಾಲಿರುತ್ತದೆ, ಎಡ ಮುಂಚಕ್ರದ್ದು ಹೊರಕ್ಕೆ. ಬಲ ಹಿಂದಿನ ಟೈರಿನ ಸುತ್ತಳತೆ ಎಡದ್ದಕ್ಕಿಂತ ಹೆಚ್ಚು. ಹಾಗಿದ್ದರೆ ಕಾರು ತಾನಾಗಿ ಎಡಕ್ಕೆ ಉರುಳಲು ನೋಡುತ್ತದೆ. ಗಾಳಿಯ ಒತ್ತಡವೂ ಎಡಗಡೆ ಕಡಿಮೆ, ಬಲಗಡೆ ಹೆಚ್ಚು.

ಚಾಲಕ ರೇಡಿಯೋದಲ್ಲಿ ಹೇಳುವ ದೂರು ಮುಖ್ಯವಾಗಿ ಎರಡೇ. ಸ್ಟೇರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಕಾರು ಗೋಡೆಯ ಕಡೆ ಹೋಗುತ್ತಿದ್ದರೆ 'ಟೈಟ್'. ಹಿಂಭಾಗ ಜಾರಿ ಮುಂದಕ್ಕೆ ಬರಲು ನೋಡಿದರೆ 'ಲೂಸ್'. ಇದಕ್ಕೆ ಪಿಟ್‌ನಲ್ಲಿ, ಎಂದರೆ ಓಟದ ನಡುವೆ ಟೈರು ಬದಲಿಸಲು ಕಾರು ನಿಲ್ಲಿಸುವ ಜಾಗದಲ್ಲಿ, ಮಾಡಬಹುದಾದ ಮದ್ದು ಬೆರಳೆಣಿಕೆಯಷ್ಟು. ಮೊದಲನೆಯದು ವೆಡ್ಜ್. ಬಲ ಮುಂದು ಮತ್ತು ಎಡ ಹಿಂದು, ಈ ಎರಡು ಚಕ್ರಗಳ ಮೇಲೆ ಒಟ್ಟು ತೂಕದ ಎಷ್ಟು ಪಾಲು ಕೂತಿದೆ ಎಂಬುದೇ ವೆಡ್ಜ್. ಹಿಂದಿನ ಗಾಜಿನಲ್ಲಿರುವ ತೂತಿಗೆ ಉದ್ದನೆಯ ರಾಡು ತೂರಿಸಿ, ಎಡ ಹಿಂದಿನ ಸ್ಪ್ರಿಂಗಿನ ಮೇಲಿರುವ ಸ್ಕ್ರೂ ಬಿಗಿದರೆ ಆ ಎರಡು ಮೂಲೆಗೆ ತೂಕ ಹೆಚ್ಚಿ ಕಾರು ಟೈಟ್ ಆಗುತ್ತದೆ, ಸಡಿಲಿಸಿದರೆ ಲೂಸ್. ಎರಡನೆಯದು ಟ್ರ್ಯಾಕ್ ಬಾರ್. ಅದನ್ನು ಎತ್ತಿದರೆ ಹಿಂಭಾಗ ಲೂಸ್, ಇಳಿಸಿದರೆ ಟೈಟ್. ಮೂರನೆಯದು ಹೊಸ ಟೈರಿನ ಗಾಳಿ. ನಾಲ್ಕನೆಯದು ಮೂತಿಯ ಗ್ರಿಲ್‌ಗೆ ಅಂಟಿಸುವ ಟೇಪು. ಟೇಪು ಹೆಚ್ಚಿದರೆ ಮುಂಭಾಗ ನೆಲಕ್ಕೆ ಒತ್ತಿ ತಿರುವು ಸಲೀಸಾಗುತ್ತದೆ, ಜೊತೆಗೆ ಇಂಜಿನ್ ನೀರಿನ ಬಿಸಿ ಏರುತ್ತದೆ. ಅತಿಯಾಸೆಗೆ ಟೇಪು ಅಂಟಿಸಿ ಇಂಜಿನ್ ಸುಟ್ಟುಕೊಳ್ಳುವುದು ಸುಲಭ.

ಗಾಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಫೀನಿಕ್ಸ್‌ನಂಥ ಓಟ ತಿರುಗುವುದು ಇಂಥ ಕಡೆಯೇ. ಟೈರಿಗೆ ತುಂಬುವುದು ನೈಟ್ರೋಜನ್, ಏಕೆಂದರೆ ತೇವವಿರುವ ಗಾಳಿ ಬಿಸಿಯಾದಾಗ ಎಷ್ಟು ಹಿಗ್ಗುತ್ತದೆಂದು ಲೆಕ್ಕ ಸಿಗುವುದಿಲ್ಲ. ಹೆಚ್ಚು ಒತ್ತಡದಲ್ಲಿ ಹೊರಟರೆ ಟೈರು ಮೊದಲ ಸುತ್ತಿನಿಂದಲೇ ಚುರುಕು. ಆದರೆ ಬಿಸಿಯೇರಿದಂತೆ ನಡುಭಾಗ ಉಬ್ಬಿ, ನೆಲ ಮುಟ್ಟುವ ಪಟ್ಟಿ ಕಿರಿದಾಗಿ, ಹಿಡಿತ ಹೋಗುತ್ತದೆ. ಕಡಿಮೆ ಒತ್ತಡದಲ್ಲಿ ಹೊರಟರೆ ಮೊದಲು ಮಂದ, ಹತ್ತಿಪ್ಪತ್ತು ಸುತ್ತು ಕಳೆದ ಮೇಲೆ ಹದಕ್ಕೆ ಬರುತ್ತದೆ, ಆಮೇಲೆ ಅಲ್ಲೇ ನಿಲ್ಲುತ್ತದೆ. ಮೊದಲನೆಯದು ಸಣ್ಣ ಓಟದ ಕಾರು, ಎರಡನೆಯದು ದೀರ್ಘ ಓಟದ ಕಾರು. ಅಪಘಾತವಾದಾಗ ಎಲ್ಲರೂ ನಿಧಾನಿಸಲೆಂದು ತೋರಿಸುವ ಹಳದಿ ಬಾವುಟ ಮತ್ತೆ ಮತ್ತೆ ಬಂದರೆ ಮೊದಲನೆಯವನಿಗೆ ಲಾಭ, ಬಾರದಿದ್ದರೆ ಎರಡನೆಯವನಿಗೆ. ಬಾವುಟ ಬರುತ್ತದೋ ಇಲ್ಲವೋ ಎಂದು ಕಾರಿನ ತಂಡದ ಮುಖ್ಯಸ್ಥನಾದ ಕ್ರ್ಯೂ ಚೀಫ್ ಮೊದಲೇ ಊಹಿಸಿ ಗಾಳಿ ತುಂಬಿಸಬೇಕು.

ಪಿಟ್ ನಿಲುಗಡೆ ನೋಡಲು ಕಪ್‌ಗಿಂತ ಇಲ್ಲೇ ಚೆನ್ನ. ಗೋಡೆ ಹಾರಿ ಬರುವವರು ಐವರು: ಜಾಕ್ ಹಿಡಿದವ, ನಟ್ ಬಿಚ್ಚುವ ಇಬ್ಬರು, ಟೈರು ಹೊರುವವ, ಪೆಟ್ರೋಲು ಹಾಕುವವ. ಮೊದಲು ಬಲಗಡೆ. ನಟ್ ಬಿಚ್ಚುವ ಗನ್ನು ಐದು ನಟ್ ಕಳಚುತ್ತದೆ, ಹಳೆಯ ಟೈರು ಹೊರಗೆ, ಹೊಸದು ಒಳಗೆ. ಹೊಸ ಚಕ್ರದ ತೂತುಗಳಿಗೆ ಐದು ನಟ್ಟನ್ನೂ ಮೊದಲೇ ಗೋಂದು ಹಾಕಿ ಅಂಟಿಸಿರುತ್ತಾರೆ. ಚಕ್ರವನ್ನು ಕಾರಿನ ಸ್ಟಡ್‌ಗಳ (ನಟ್ ಕೂರುವ ಬೋಲ್ಟುಗಳ) ಮೇಲೆ ನೇರವಾಗಿ ತಳ್ಳಿದರೆ ನಟ್‌ಗಳು ಸ್ಟಡ್‌ನ ತುದಿಯಲ್ಲಿ ಕೂರುತ್ತವೆ, ಗನ್ನು ಗೋಂದು ಮುರಿದು ಬಿಗಿಯುತ್ತದೆ. ಚೂರು ಓರೆಯಾಗಿ ತಳ್ಳಿದರೆ ಒಂದೆರಡು ನಟ್ ಉದುರಿಬಿಡುತ್ತವೆ. ಗೋಂದು ಒಣಗದಿದ್ದರೂ ಅದೇ ಕಥೆ, ವಿಪರೀತ ಗಟ್ಟಿಯಾಗಿದ್ದರೆ ನಟ್ ಥ್ರೆಡ್ ಹತ್ತದೆ ಕೆಡುತ್ತದೆ. ಜಾಕ್ ಇಳಿದದ್ದೇ ಚಾಲಕನಿಗೆ ಹೊರಡುವ ಸಂಕೇತ. ಐದನೆಯ ನಟ್ ಬಿಗಿಯುವ ಮೊದಲೇ ಜಾಕ್ ಇಳಿದರೆ ಆಮೇಲೆ ಚಕ್ರ ಅದುರಲು ಶುರುವಾಗಿ ಮತ್ತೆ ಪಿಟ್‌ಗೆ ಬರಬೇಕಾಗುತ್ತದೆ. ನಾಲ್ಕು ಟೈರಿಗೆ 20 ನಟ್ ಬಿಚ್ಚಿ 20 ನಟ್ ಬಿಗಿಯುವ ಕೆಲಸ ಇದು. ಹತ್ತು ಹನ್ನೆರಡು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುವುದನ್ನು ಹತ್ತಿರದಿಂದ ನೋಡಿದರೆ, ಚಾಲಕನ ಹೆಸರಿನಲ್ಲಿ ಬರೆಯುವ ಗೆಲುವಿನಲ್ಲಿ ಈ ಕೈಗಳ ಪಾಲು ಎಷ್ಟೆಂದು ತಿಳಿಯುತ್ತದೆ.

2025ರ ಋತು ಒರಟಾಗಿಯೇ ನಡೆಯಿತು. ಮಾರ್ಚ್ ಕೊನೆಯಲ್ಲಿ ಮಾರ್ಟಿನ್ಸ್‌ವಿಲ್, ಅರ್ಧ ಮೈಲಿಯ ಪುಟ್ಟ ಟ್ರ್ಯಾಕು. ಕೊನೆಯ ಸುತ್ತಿನಲ್ಲಿ ಸ್ಯಾಮಿ ಸ್ಮಿತ್ ಮುಂದಿದ್ದ ಟೇಲರ್ ಗ್ರೇಯ ಕಾರಿಗೆ ಹಿಂದಿನಿಂದ ನುಗ್ಗಿ ಇಬ್ಬರೂ ಕೆಟ್ಟರು, ಆಸ್ಟಿನ್ ಹಿಲ್ ಗೆದ್ದ. ಸ್ಮಿತ್‌ಗೆ 50 ಅಂಕ ಕಡಿತ, 25,000 ಡಾಲರ್ ದಂಡ. ಗ್ರೇ ಅದೇ ಟ್ರ್ಯಾಕಿನಲ್ಲಿ ಅಕ್ಟೋಬರಿನಲ್ಲಿ ತನ್ನ ಮೊದಲ ಗೆಲುವು ಪಡೆದ.

ಏಪ್ರಿಲ್ 19ಕ್ಕೆ ರಾಕಿಂಗ್‌ಹ್ಯಾಮ್. ಈ ಸರಣಿ 2004ರ ನಂತರ ಅಲ್ಲಿಗೆ ಮರಳಿದ್ದು ಅದೇ ಮೊದಲು. ಲವ್ ಮೊದಲಿಗನಾಗಿ ಗೆರೆ ದಾಟಿದ, ಸಂಭ್ರಮವೂ ಆಯಿತು. ಓಟದ ನಂತರದ ತಪಾಸಣೆಯಲ್ಲಿ ಹಿಂದಿನ ಸಸ್ಪೆನ್ಷನ್ ನಿಯಮಕ್ಕೆ ಸರಿಹೊಂದಲಿಲ್ಲ. ಗೆಲುವು ರದ್ದಾಗಿ ಅದೇ ಸ್ಯಾಮಿ ಸ್ಮಿತ್ ಪಾಲಾಯಿತು, ಲವ್ ಪಟ್ಟಿಯ ಬುಡಕ್ಕೆ ಹೋದ. ನಿಯಮದ ಸಾರ ಇಷ್ಟು: ಟ್ರಕ್ ಆರ್ಮ್ ಮತ್ತು ಆ್ಯಕ್ಸೆಲ್ ಹೌಸಿಂಗ್ ಒಂದಕ್ಕೊಂದು ಕೂಡುವ ಜಾಗದಲ್ಲಿ ನಡುವೆ ಇಡುವ ಬಿಲ್ಲೆಗಳಾದ ಸ್ಪೇಸರ್, ಶಿಮ್ ಎಲ್ಲವೂ ಸಮತಟ್ಟಾಗಿ, ಸಂದಿಲ್ಲದೆ ಕೂತಿರಬೇಕು, ಓಡುವಾಗ ಜಾಗ ಬದಲಿಸಬಾರದು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಬಿಗಿ ಏಕೆ? ನಿಂತಾಗ ನೇರವಾಗಿದ್ದು ವೇಗದಲ್ಲಿ ಕೂದಲೆಳೆಯಷ್ಟು ಓರೆಯಾಗುವ ಆ್ಯಕ್ಸೆಲ್ ಇಡೀ ಕಾರನ್ನು ಸ್ವಲ್ಪ ಅಡ್ಡಡ್ಡವಾಗಿ ಓಡಿಸುತ್ತದೆ. ಬಲಮಗ್ಗುಲಿಗೆ ಗಾಳಿ ಬಡಿದು ತಿರುವಿನಲ್ಲಿ ಕಾರನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಓಟಕ್ಕೆ ಮುಂಚೆ ಕ್ಯಾಮೆರಾಗಳ ಕೆಳಗೆ ನಿಲ್ಲಿಸಿ ಅಳೆದರೆ ಇದು ಕಾಣುವುದಿಲ್ಲ, ಓಟದ ನಂತರ ಬಿಚ್ಚಿ ನೋಡಿದರೆ ಮಾತ್ರ ಕಾಣುತ್ತದೆ. ಬೇಕೆಂದೇ ಆಗಿತ್ತೋ ಬೋಲ್ಟು ತಾನಾಗಿ ಸರಿದಿತ್ತೋ ಎಂಬುದು ತಪಾಸಣೆಗೆ ಬೇಕಿಲ್ಲ. 2019ಕ್ಕೆ ಮುಂಚೆ ಇಂಥ ತಪ್ಪಿಗೆ ಅಂಕ ಕಳೆದು ಗೆಲುವನ್ನು ಹಾಗೇ ಬಿಡುತ್ತಿದ್ದರು. ಈಗಿನ ಕ್ರಮವೇ ಸರಿ.

ಒಂದು ವಾರದ ನಂತರ ಟಲಡೇಗಾದ ಕೊನೆಯ ಸುತ್ತಿನಲ್ಲಿ ಜಿಲಿಶ್‌ನ ಕಾರು ಒಳಗೋಡೆಗೆ ಬಡಿದು ಅವನ ಬೆನ್ನಿಗೆ ಪೆಟ್ಟಾಯಿತು. ಟೆಕ್ಸಸ್ ಓಟ ತಪ್ಪಿತು. ಅವನ 88 ಸಂಖ್ಯೆಯ ಕಾರಿಗೆ ಕೈಲ್ ಲಾರ್ಸನ್ ಕೂತು ಗೆದ್ದುಬಿಟ್ಟ. ಕಾರು ಎಷ್ಟು ಚೆನ್ನಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಜೂನ್ 14ರ ಮೆಕ್ಸಿಕೋ ಸಿಟಿ ಓಟ ಇಂಜಿನ್ ಕಟ್ಟುವವರ ಪರೀಕ್ಷೆ. ಆ ಊರು ಇರುವುದು ಹೆಚ್ಚುಕಡಿಮೆ ಊಟಿಯಷ್ಟೇ ಎತ್ತರದಲ್ಲಿ, 2,200 ಮೀಟರಿಗೂ ಮೇಲೆ. ಹಳೆಯ ಕಾರ್ಬುರೇಟರ್ ಬೈಕಿನಲ್ಲಿ ಗುಂಡ್ಲುಪೇಟೆ ದಾಟಿ ಊಟಿ ಘಾಟಿ ಹತ್ತಿದವರಿಗೆ ಗೊತ್ತು: ಮೇಲೆ ಹೋದಂತೆ ಇಂಜಿನ್ ಗೊರಗುಡುತ್ತದೆ, ಪೆಟ್ರೋಲು ವಾಸನೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಗಾಳಿ ತೆಳುವಾದಷ್ಟು ಪೆಟ್ರೋಲು ತಾನಾಗಿ ಕಡಿಮೆಯಾಗುವುದಿಲ್ಲ. ಕಪ್ ಕಾರಿನಲ್ಲಿ ಕಂಪ್ಯೂಟರ್ ಇದನ್ನು ಸರಿಮಾಡುತ್ತದೆ, ಇಲ್ಲಿ ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲು ಹರಿಯುವ ತೂತಿರುವ ಜೆಟ್ ತೆಗೆದು ಚಿಕ್ಕದನ್ನು ಹಾಕಬೇಕು. ತೀರಾ ಚಿಕ್ಕದು ಹಾಕಿದರೆ ಪೆಟ್ರೋಲು ಸಾಲದೆ ಪಿಸ್ಟನ್ ಸುಡುತ್ತದೆ, ದೊಡ್ಡದಾದರೆ ತಿರುವಿನಿಂದ ಹೊರಬರುವಾಗ ಮುಗ್ಗರಿಸುತ್ತದೆ. ಆ ಓಟ ಗೆದ್ದದ್ದು ಮೆಕ್ಸಿಕೋದವನೇ ಆದ ಡೇನಿಯಲ್ ಸ್ವಾರೆಸ್, 2016ರಲ್ಲಿ ಇದೇ ಸರಣಿಯ ಚಾಂಪಿಯನ್ ಆಗಿದ್ದವನು. ಮೂಲ ಕಾರು ಕೆಟ್ಟು, ಬದಲಿ ಕಾರಿನಲ್ಲಿ ಹಿಂದಿನಿಂದ ಹೊರಟು ತವರಿನ ಜನರ ಮುಂದೆ ಗೆದ್ದ. ಇಡೀ ಋತುವಿನಲ್ಲಿ ನನಗೆ ಅತಿ ಇಷ್ಟವಾದ ಓಟ ಇದು.

ಜುಲೈ 26ರ ಇಂಡಿಯಾನಾಪೊಲಿಸ್ ಬಗ್ಗೆ ಹಾಗೆ ಹೇಳಲಾರೆ. ಆಸ್ಟಿನ್ ಹಿಲ್ ತನ್ನ ಕಾರಿನಿಂದ ಆ್ಯರಿಕ್ ಆಲ್ಮಿರೋಲಾನ ಕಾರಿನ ಬಲ ಹಿಂಬದಿಗೆ ಕೊಕ್ಕೆ ಹಾಕಿದ. ಎಡ ಹಿಂಬದಿಗೆ ತಾಗಿದರೆ ಕಾರು ಒಳಮುಖವಾಗಿ ತಿರುಗಿ ಹುಲ್ಲಿನ ಕಡೆ ಜಾರುತ್ತದೆ, ವೇಗ ಕಳೆಯಲು ಜಾಗವಿರುತ್ತದೆ. ಬಲ ಹಿಂಬದಿಗೆ ತಾಗಿದರೆ ಮೂತಿ ಬಲಕ್ಕೆ ತಿರುಗಿ ಪೂರ್ತಿ ವೇಗದಲ್ಲಿ ಎದುರಾಎದುರು ಗೋಡೆಗೆ ಹೋಗುತ್ತದೆ, ಚಾಲಕನಿಗೆ ಏನೂ ಮಾಡಲು ಆಗುವುದಿಲ್ಲ. ಓಟದಲ್ಲೇ ಐದು ಸುತ್ತಿನ ಶಿಕ್ಷೆ, ಆಮೇಲೆ ಒಂದು ಓಟದ ನಿಷೇಧ, ಋತುವಿನ ಕೊನೆಯಲ್ಲಿ ಪಟ್ಟಕ್ಕಾಗಿ ನಡೆಯುವ ಪ್ಲೇಆಫ್ ಹಂತಕ್ಕೆ ಅಲ್ಲಿಯವರೆಗೆ ಕೂಡಿಟ್ಟ ಅಂಕಗಳೆಲ್ಲ ರದ್ದು. ಇನ್ನೂ ಕಠಿಣವಾಗಿದ್ದರೂ ತಪ್ಪಿರಲಿಲ್ಲ.

ಆ ಓಟ ಗೆದ್ದದ್ದು ಜಿಲಿಶ್. ಅಷ್ಟರಲ್ಲಿ ಸರ್ಕ್ಯೂಟ್ ಆಫ್ ದಿ ಅಮೆರಿಕಾಸ್, ಪೊಕೊನೊ, ಸೊನೋಮಾ, ಮಳೆಯಿಂದ ಮೊಟಕಾದ ಡೋವರ್ ಅವನ ಕಿಸೆಯಲ್ಲಿದ್ದವು. ಆಗಸ್ಟ್ 9ರಂದು ವಾಟ್ಕಿನ್ಸ್ ಗ್ಲೆನ್ ಗೆದ್ದು, ಸಂಭ್ರಮಿಸಲು ಕಾರಿನ ಕಿಟಕಿಯಿಂದ ಮೇಲೇರುವಾಗ ಕಾಲು ಜಾರಿ ನೆಲಕ್ಕೆ ಬಿದ್ದ. ಕೊರಳೆಲುಬು (ಕಾಲರ್ ಬೋನ್) ಮುರಿಯಿತು, ಪ್ಲೇಟು ಹಾಕಿದರು. ಎರಡು ವಾರಕ್ಕೆ ಡೇಟೋನಾದ ಬೇಸಿಗೆ ಓಟ. ನಿಯಮದ ಪ್ರಕಾರ ಕಾರನ್ನು ಹೊರಡಿಸಿದವನಿಗೇ ಫಲಿತಾಂಶ ಸೇರುತ್ತದೆ. ಹಾಗಾಗಿ ಅವನು ಹಿಂದಿನ ಸಾಲಿನಲ್ಲಿ ಹುಷಾರಾಗಿ ಓಡಿಸಿ, ಮೊದಲ ಹಳದಿ ಬಾವುಟಕ್ಕೆ ಪಿಟ್‌ಗೆ ಬಂದು, ಪಾರ್ಕರ್ ಕ್ಲಿಗರ್‌ಮನ್‌ಗೆ ಕಾರು ಬಿಟ್ಟುಕೊಟ್ಟ. ಈ ಅದಲುಬದಲು ಸುಲಭವಲ್ಲ. ಕಿಟಕಿಯ ಬಲೆ ಇಳಿಸಿ, ಸ್ಟೇರಿಂಗ್ ಕಳಚಿ, ಬೆಲ್ಟು ಬಿಚ್ಚಿ, ಹೆಲ್ಮೆಟ್ಟಿನ ರೇಡಿಯೋ ತಂತಿ, ಗಾಳಿಯ ಕೊಳವೆ ತೆಗೆದು ಒಬ್ಬ ಹೊರಬರಬೇಕು. ಇನ್ನೊಬ್ಬ ಒಳಹೊಕ್ಕು ಇದನ್ನೆಲ್ಲ ತಿರುಗಾಮುರುಗಾ ಮಾಡಬೇಕು, ಬೆಲ್ಟು ಅವನ ಮೈಗೆ ತಕ್ಕಂತೆ ಮತ್ತೆ ಬಿಗಿಯಬೇಕು. ಸೀಟು ಒಬ್ಬನ ಅಚ್ಚಿಗೆ ಮಾಡಿದ್ದಾದ್ದರಿಂದ ಎರಡನೆಯವನಿಗೆ ಸರಿಹೊಂದುವ ವ್ಯವಸ್ಥೆ ವಾರದ ಮುಂಚೆಯೇ ಆಗಿರಬೇಕು. ಕ್ಲಿಗರ್‌ಮನ್ ಹಿಂದಿನಿಂದ ಬಂದು ಗೆದ್ದ. ದಾಖಲೆಯಲ್ಲಿ ಗೆಲುವು ಜಿಲಿಶ್‌ನದು. ಹಿಂದಿನ ವರ್ಷ ಷಾರ್ಲೆಟ್ ರೋವಲ್ ಟ್ರ್ಯಾಕಿನಲ್ಲಿ ಗೆಲುವಿನ ಅಂಚಿನಲ್ಲಿದ್ದಾಗ ಹಳದಿ ಬಾವುಟ ಬಂದು ಎಲ್ಲ ಕಳೆದುಕೊಂಡಿದ್ದ ಕ್ಲಿಗರ್‌ಮನ್‌ಗೆ ಈ ಸರಣಿಯ ಪುಸ್ತಕದಲ್ಲಿ ಒಂದೂ ಗೆಲುವಿಲ್ಲ. ಹತ್ತು ಗೆಲುವಿನ ಮಾತು ಬಂದಾಗಲೆಲ್ಲ ಈ ಒಂದನ್ನು ಓಡಿಸಿದವನ ಹೆಸರು ಹೇಳಬೇಕೆಂಬುದು ನನ್ನ ಆಗ್ರಹ.

ಆಮೇಲೆ ಪೋರ್ಟ್‌ಲ್ಯಾಂಡ್, ಗೇಟ್‌ವೇ, ಪ್ಲೇಆಫ್ ಶುರುವಾದ ಮೇಲೆ ರೋವಲ್ ಹೀಗೆ ಇನ್ನೂ ಮೂರು. ಮೊದಲ 26 ಓಟಗಳ ಕೊನೆಗೆ ಅಂಕಪಟ್ಟಿಯ ತುದಿಯಲ್ಲಿದ್ದವನೂ ಅವನೇ. ಮುಂದಿನ ಲೆಕ್ಕ ಹೀಗಿತ್ತು: 12 ಮಂದಿಗೆ ಮೂರು ಓಟ, ಉಳಿದ 8 ಮಂದಿಗೆ ಮೂರು ಓಟ, ಕೊನೆಗೆ ನಾಲ್ವರು ಫೀನಿಕ್ಸ್‌ಗೆ. ಗಳಿಸಿಟ್ಟ ಪ್ಲೇಆಫ್ ಅಂಕಗಳು ಅಲ್ಲಿಯವರೆಗೆ ಕಾಪಾಡುತ್ತವೆ. ಫೀನಿಕ್ಸ್‌ನಲ್ಲಿ ಎಲ್ಲರೂ ಸಮ, ನಾಲ್ವರಲ್ಲಿ ಮುಂದೆ ಬಂದವನೇ ಚಾಂಪಿಯನ್. ಜಿಲಿಶ್, ಲವ್, ಹಿಂದಿನ ವರ್ಷದ ಚಾಂಪಿಯನ್ ಜಸ್ಟಿನ್ ಆಲ್ಗೈಯರ್, ಒಂದೂ ಓಟ ಗೆಲ್ಲದ ಕಾರ್ಸನ್ ಕ್ವಾಪಿಲ್. ಇವರಲ್ಲಿ ಲವ್ ಬಿಟ್ಟು ಮೂವರೂ ಜೆಆರ್ ಮೋಟಾರ್‌ಸ್ಪೋರ್ಟ್ಸ್ ತಂಡದವರು.

ಫೀನಿಕ್ಸ್ ಒಂದು ಮೈಲಿಯ ಟ್ರ್ಯಾಕು, 200 ಸುತ್ತು. ಎರಡು ತುದಿಯ ತಿರುವುಗಳು ಬೇರೆಬೇರೆ ಇಳಿಜಾರಿನವು, ಒಂದಕ್ಕೆ ಹದ ಮಾಡಿದರೆ ಇನ್ನೊಂದರಲ್ಲಿ ಏನಾದರೂ ಬಿಟ್ಟುಕೊಡಬೇಕು. ಜಿಲಿಶ್ ಮುಂದಿದ್ದ. ಲವ್ ಅವಸರ ಮಾಡದೆ ಅಂತರ ಕರಗಿಸುತ್ತ ಬಂದು, ಇನ್ನು ಸುಮಾರು 25 ಸುತ್ತು ಉಳಿದಾಗ ದಾಟಿದ. ದಾಟಿದ ಮೇಲೆ ಹಿಂದಿರುಗಿ ನೋಡಲಿಲ್ಲ. ಕೊನೆಗೆ ಜಿಲಿಶ್‌ನನ್ನು ಆಲ್ಮಿರೋಲಾನೂ ದಾಟಿ ಎರಡನೆಯವನಾದ. ಹಳದಿ ಬಾವುಟದ ನಂತರ ಎಲ್ಲರೂ ಒಟ್ಟಿಗೆ ಮತ್ತೆ ಹೊರಡುವ ರೀಸ್ಟಾರ್ಟ್‌ನ ಗಲಾಟೆಯಲ್ಲಿ ಸಿಕ್ಕ ಗೆಲುವಲ್ಲ ಇದು, ಯಾರನ್ನೂ ತಳ್ಳಿ ಪಡೆದದ್ದೂ ಅಲ್ಲ. ಟೈರು ಸವೆಯುತ್ತ ಹೋದ ಹೊತ್ತಿನಲ್ಲಿ ಹದ ಕೆಡದೆ ಓಡಿದ ಕಾರು, ಆ ಟೈರನ್ನು ಮೊದಲೇ ಸುಟ್ಟುಕೊಳ್ಳದೆ ಉಳಿಸಿಕೊಂಡ ಚಾಲಕ. ತಿರುವಿನಿಂದ ಹೊರಬರುವಾಗ ಆ್ಯಕ್ಸಿಲರೇಟರನ್ನು ಒಮ್ಮೆಲೇ ಒತ್ತಿದರೆ ಹಿಂದಿನ ಟೈರು ಅಲ್ಲಲ್ಲೇ ಉಜ್ಜಿ ಬಿಸಿಯಾಗುತ್ತದೆ. ಒಂದು ಸುತ್ತಿಗೆ ಅದು ಗೊತ್ತಾಗುವುದಿಲ್ಲ, ನಲವತ್ತು ಸುತ್ತಿಗೆ ಗೊತ್ತಾಗುತ್ತದೆ. ಲವ್‌ನ ರಿಚರ್ಡ್ ಚಿಲ್ಡ್ರೆಸ್ ತಂಡ ಆ ರಾತ್ರಿಗೆ ಬೇಕಾದ ಕಾರನ್ನೇ ತಂದಿತ್ತು.

ಆದರೂ 33 ಓಟಗಳ ದುಡಿಮೆಯನ್ನು ಒಂದು ಟ್ರ್ಯಾಕಿನ ಒಂದು ಸಂಜೆಗೆ ಕಟ್ಟಿಹಾಕುವುದು ತಪ್ಪು. ಉದ್ದ ಟ್ರ್ಯಾಕು, ಗಿಡ್ಡ ಟ್ರ್ಯಾಕು, ಎಡಬಲ ತಿರುವಿನ ರಸ್ತೆ ಟ್ರ್ಯಾಕು, ಊಟಿಯೆತ್ತರದ ಮೆಕ್ಸಿಕೋ ಎಲ್ಲಕ್ಕೂ ಬೇರೆಬೇರೆ ಕಾರು ಕಟ್ಟುವ ತಂಡಕ್ಕೆ, ಅದರಲ್ಲಿ ಫೀನಿಕ್ಸ್ ಬಗೆಯದೊಂದಕ್ಕೇ ಬೆಲೆ ಎಂದು ಹೇಳಿದಂತಾಗುತ್ತದೆ.

2026ರಿಂದ ಸರಣಿಯ ಹೆಸರು ಓ'ರೈಲಿ ಆಟೋ ಪಾರ್ಟ್ಸ್ ಸರಣಿ. ಪದ್ಧತಿಯೂ ಬದಲಾಗಿದೆ. ಅಂಕಗಳ ಆಧಾರದಲ್ಲಿ 12 ಮಂದಿ ಕೊನೆಯ 9 ಓಟಗಳಿಗೆ ಅರ್ಹರಾಗುತ್ತಾರೆ, ನಡುವೆ ಯಾರನ್ನೂ ಹೊರಹಾಕುವುದಿಲ್ಲ, ಅರ್ಹತೆಯ ಸ್ಥಾನಕ್ಕೆ ತಕ್ಕಂತೆ ಸಿಗುವ ಆರಂಭಿಕ ಅಂಕಕ್ಕೆ 9 ಓಟಗಳ ಅಂಕ ಕೂಡಿ ಹೆಚ್ಚಿದ್ದವನಿಗೆ ಪಟ್ಟ. ಒಂದು ಓಟ ಗೆದ್ದರೆ ಅರ್ಹತೆ ಖಾತ್ರಿ ಎಂಬುದೂ ಹೋಯಿತು, ಬದಲಿಗೆ ಗೆಲುವಿನ ಅಂಕ 40ರಿಂದ 55ಕ್ಕೆ ಏರಿತು. ಕಾರ್ಬುರೇಟರ್, ಐದು ನಟ್, ಟ್ರಕ್ ಆರ್ಮ್ ಹಾಗೇ ಇವೆ. ಬದಲಾಗುವುದು ಕ್ರ್ಯೂ ಚೀಫ್‌ನ ಲೆಕ್ಕ: ಒಂದೇ ಟ್ರ್ಯಾಕಿಗೆ ಒಳ್ಳೆಯ ಚಾಸಿಯನ್ನು ತಿಂಗಳುಗಟ್ಟಲೆ ಎತ್ತಿಟ್ಟುಕೊಳ್ಳುವುದರಿಂದ ಇನ್ನು ಅಷ್ಟು ಲಾಭವಿಲ್ಲ. ಒಂಬತ್ತು ವಾರವೂ ಕಾರು ಓಟ ಮುಗಿಸಬೇಕು, ತಪಾಸಣೆಯಲ್ಲೂ ಪಾಸಾಗಬೇಕು. ರಾಕಿಂಗ್‌ಹ್ಯಾಮ್‌ನಲ್ಲಿ ಆದಂಥ ಅನರ್ಹತೆ ಆ ಒಂಬತ್ತರಲ್ಲಿ ಒಮ್ಮೆ ಬಂದರೆ, ಒಂದು ಶಿಮ್‌ನ ಸಂದಿಗೆ ಐವತ್ತಕ್ಕೂ ಹೆಚ್ಚು ಅಂಕ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಉಳಿದ ಓಟಗಳು ಸಾಲುವುದು ಕಷ್ಟ.